ಆಳುವವರ ಮಾತು, ಹೊರುವವರ ಬೆನ್ನು: ಜಗತ್ತಿನ ಇತಿಹಾಸದಲ್ಲಿ ಅಧಿಕಾರ, ತತ್ವ, ಸಮಾಜವನ್ನು ಒಟ್ಟಿಗೆ ಓದುವ ಮಾರ್ಗದರ್ಶಿ

ಕ್ರಿ.ಪೂ. 223ರ ಸುಮಾರಿಗೆ ಚೀನಾದ ಇಬ್ಬರು ಅಣ್ಣತಮ್ಮಂದಿರು ಯುದ್ಧಕ್ಕೆ ಹೋದ ಜಾಗದಿಂದ ಮನೆಗೆ ಪತ್ರ ಬರೆದರು. ಮರದ ಪಟ್ಟಿಯ ಮೇಲೆ, ಮಸಿಯಲ್ಲಿ. ಒಬ್ಬನ ಹೆಸರು ಹೇಫು, ಇನ್ನೊಬ್ಬ ಜಿಂಗ್. ಮೊದಲು ಅಮ್ಮ ಹೇಗಿದ್ದಾಳೆ ಅಂತ ಕೇಳುತ್ತಾರೆ. ಆಮೇಲೆ ವಿಷಯಕ್ಕೆ ಬರುತ್ತಾರೆ. ದುಡ್ಡು ಬೇಕು, ಬಟ್ಟೆ ಬೇಕು. ಊರಲ್ಲಿ ಬಟ್ಟೆ ಅಗ್ಗವಾಗಿದ್ದರೆ ಅಮ್ಮನೇ ಅಂಗಿ ಹೊಲಿದು ಕಳಿಸಲಿ, ಇಲ್ಲದಿದ್ದರೆ ದುಡ್ಡು ಕಳಿಸಿದರೂ ಸಾಕು. ಜಿಂಗ್ ಆಗಲೇ ಬೇರೆಯವರ ದುಡ್ಡು ಖರ್ಚು ಮಾಡಿಬಿಟ್ಟಿದ್ದಾನೆ. ಮನೆಯಿಂದ ಏನೂ ಬರದಿದ್ದರೆ ಸತ್ತೇ ಹೋಗುತ್ತೇನೆ ಎಂದು ಬರೆದು, ‘ಬೇಗ’ ಎಂಬ ಅರ್ಥದ ಅಕ್ಷರವನ್ನು ಮೂರು ಸಲ ಬರೆದಿದ್ದಾನೆ.

ಅವರಿದ್ದದ್ದು ಚಿನ್ ರಾಜ್ಯದ ಸೈನ್ಯದಲ್ಲಿ. ಎರಡೇ ವರ್ಷದಲ್ಲಿ, ಕ್ರಿ.ಪೂ. 221ರಲ್ಲಿ, ಆ ರಾಜ್ಯ ಉಳಿದೆಲ್ಲ ರಾಜ್ಯಗಳನ್ನೂ ಗೆದ್ದಿತು. ಅದರ ಅರಸ ತನ್ನನ್ನು ‘ಮೊದಲ ಸಾಮ್ರಾಟ’ ಎಂದು ಕರೆದುಕೊಂಡ. ನಾವು ಓದುವ ಪುಸ್ತಕಗಳಲ್ಲಿ ಆ ಸಾಮ್ರಾಟ ಇರುತ್ತಾನೆ. ಅವನ ಸೈನಿಕನ ಅಂಗಿಯನ್ನು ಊರಲ್ಲಿದ್ದ ಒಬ್ಬ ತಾಯಿ ಹೊಲಿಯಬೇಕಿತ್ತು ಎಂಬುದು ಇರುವುದಿಲ್ಲ.

ಲೈಬ್ರರಿಯಲ್ಲಿ ರಾಜಕೀಯ ಒಂದು ಕಪಾಟು, ತತ್ವಶಾಸ್ತ್ರ ಇನ್ನೊಂದು, ಸಮಾಜದ ಇತಿಹಾಸ ಮತ್ತೊಂದು. ಬದುಕಿನಲ್ಲಿ ಮೂರೂ ಒಂದೇ ಕಡೆ ನಡೆಯುತ್ತವೆ. ಒಬ್ಬ ಆಜ್ಞೆ ಕೊಡುತ್ತಾನೆ. ಒಬ್ಬ ಅದು ಸರಿ ಎನ್ನಲು ಕಾರಣ ಹುಡುಕಿ ಕೊಡುತ್ತಾನೆ. ಇನ್ನೊಬ್ಬರ ಬೆನ್ನ ಮೇಲೆ ಅದು ಹೊರೆಯಾಗಿ ಬಂದು ಕೂರುತ್ತದೆ. ಈ ಮೂವರನ್ನೂ ಒಂದೇ ಪುಟದಲ್ಲಿ ತಂದು ಕೂರಿಸುವುದು ಹೇಗೆ ಎಂದು ನಾನು ಅನುಸರಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜು ಬೇಕಿಲ್ಲ. ಒಂದು ನೋಟ್‌ಬುಕ್, ದಿನಕ್ಕೆ ಒಂದು ಗಂಟೆ, ಎರಡು ತಿಂಗಳ ತಾಳ್ಮೆ ಇದ್ದರೆ ಸಾಕು.

ಹೆಜ್ಜೆ 1: ಕಿಟಕಿ ಚಿಕ್ಕದಿರಲಿ

‘ಜಗತ್ತಿನ ಇತಿಹಾಸ’ವನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೋಗಬೇಡಿ. ಮೆಸೊಪೊಟೇಮಿಯಾ ಮುಗಿಯುವ ಹೊತ್ತಿಗೆ ಉತ್ಸಾಹವೂ ಮುಗಿದಿರುತ್ತದೆ. ಐವತ್ತು, ಅರವತ್ತು ವರ್ಷಗಳ ಒಂದು ತುಂಡು ಆರಿಸಿಕೊಳ್ಳಿ. ಆ ತುಂಡಿನಲ್ಲಿ ಒಂದಕ್ಕೊಂದು ದೂರವಿದ್ದ ಎರಡು ಜಾಗ ಇರಲಿ.

ಇಲ್ಲಿ ನಾನು ಕ್ರಿ.ಪೂ. ಮೂರನೇ ಶತಮಾನ ತೆಗೆದುಕೊಳ್ಳುತ್ತೇನೆ. ಒಂದು ಕಡೆ ಅಶೋಕ. ಅವನು ಆಳಿದ್ದು ಸುಮಾರು ಕ್ರಿ.ಪೂ. 268ರಿಂದ 232ರವರೆಗೆ. ಇನ್ನೊಂದು ಕಡೆ ಚಿನ್ ಶಿಹುವಾಂಗ್, ಮೇಲೆ ಹೇಳಿದ ‘ಮೊದಲ ಸಾಮ್ರಾಟ’, ಹುಟ್ಟಿದ್ದು 259ರಲ್ಲಿ, ಸತ್ತದ್ದು 210ರಲ್ಲಿ. ಅಶೋಕ ಕಲ್ಲಿನ ಮೇಲೆ ಮಾತು ಕೆತ್ತಿಸುತ್ತಿದ್ದಾಗ ಇವನು ಇನ್ನೂ ಹುಡುಗ. ಇಬ್ಬರೂ ಯುದ್ಧದಿಂದ ರಾಜ್ಯ ಬೆಳೆಸಿದವರು. ಇಬ್ಬರೂ ತಮ್ಮ ಮಾತನ್ನು ಬೆಟ್ಟಗಳ ಮೇಲೆ ಕೆತ್ತಿಸಿದವರು. ಒಬ್ಬರಿಗೊಬ್ಬರು ಗೊತ್ತಿದ್ದರು ಎನ್ನಲು ಆಧಾರ ಇಲ್ಲ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಹೆಜ್ಜೆ 2: ಮೂರು ಕಾಲಮ್ ಎಳೆಯಿರಿ

ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಮೂರು ಕಾಲಮ್. ಆಜ್ಞೆ, ಕಾರಣ, ಹೊರೆ. ಏನೇ ಓದಿದರೂ ಈ ಮೂರರಲ್ಲಿ ಎಲ್ಲಿಗೆ ಸೇರುತ್ತದೆ ಎಂದು ಕೇಳಿ ಬರೆಯಿರಿ.

ಮೊದಲ ಎರಡು ಬೇಗ ತುಂಬುತ್ತವೆ. ಮೂರನೆಯದು ಖಾಲಿ ಉಳಿಯುತ್ತದೆ. ಅದು ಖಾಲಿ ಇದೆ ಎಂದು ಕಣ್ಣಿಗೆ ಕಾಣುವುದೇ ಈ ಪದ್ಧತಿಯ ದೊಡ್ಡ ಲಾಭ. ಖಾಲಿ ಕಾಲಮ್ ಕಂಡಾಗ ಮನಸ್ಸು ಸುಮ್ನೆ ಇರುವುದಿಲ್ಲ, ತುಂಬಲು ಹುಡುಕುತ್ತದೆ.

ಹೆಜ್ಜೆ 3: ಮೊದಲು ಅರಸನ ಬಾಯಿಂದಲೇ ಕೇಳಿ

ಅರಸನ ಬಗ್ಗೆ ಬೇರೆಯವರು ಬರೆದದ್ದನ್ನು ಓದುವ ಮೊದಲು ಅವನೇ ಹೇಳಿದ್ದನ್ನು ಓದಿ. ಅಶೋಕನ ಶಾಸನಗಳ ಅನುವಾದಗಳು ಸುಲಭವಾಗಿ ಸಿಗುತ್ತವೆ. ಎಲ್ಲವನ್ನೂ ಸೇರಿಸಿದರೂ ಒಂದು ಸಣ್ಣ ಪುಸ್ತಕದಷ್ಟೇ. ನಮಗಂತೂ ಕಲ್ಲೇ ಹತ್ತಿರದಲ್ಲಿದೆ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು. ಕಂಡವರು ಚಿನ್ನದ ಅದಿರು ಹುಡುಕುತ್ತಿದ್ದ ಒಬ್ಬ ಇಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ‘ಅಸೋಕ’ ಎಂಬ ಹೆಸರೇ ಇತ್ತು.

ಓದುವಾಗ ಸಣ್ಣ ಸಂಗತಿಗಳ ಹತ್ತಿರ ನಿಲ್ಲಿ. ಮೊದಲನೇ ಬಂಡೆ ಶಾಸನದಲ್ಲಿ ಅಶೋಕ ತನ್ನ ಅಡುಗೆಮನೆಯ ಲೆಕ್ಕ ಕೊಡುತ್ತಾನೆ. ಮುಂಚೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ, ಅದೂ ಜಿಂಕೆ ಯಾವಾಗಲೂ ಅಲ್ಲ. ಆರನೆಯದರಲ್ಲಿ, ನಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಜನರ ವಿಷಯ ಬಂದರೆ ತಕ್ಷಣ ತಿಳಿಸಿ ಎನ್ನುತ್ತಾನೆ. ಲುಂಬಿನಿಯ ಕಂಬದಲ್ಲಿ ಆ ಊರಿಗೆ ಬಲಿ ಎಂಬ ತೆರಿಗೆ ಮಾಫಿ ಮಾಡಿ, ಬೆಳೆಯಲ್ಲಿ ಎಂಟನೇ ಒಂದು ಪಾಲು ಎಂದು ನಿಗದಿ ಮಾಡುತ್ತಾನೆ. ಮೂರನೇ ಕಾಲಮ್ಮಿಗೆ ಇದು ಅಪರೂಪದ ಸಾಲು. ಒಂದು ಊರಿಗೆ ರಿಯಾಯಿತಿ ಎಂದರೆ ಬೇರೆ ಊರುಗಳ ಮೇಲೆ ಹೊರೆ ಜಾಸ್ತಿಯೇ ಇತ್ತು ಅಂತ ತಾನೇ?

ಚಿನ್ ಶಿಹುವಾಂಗ್ ಕ್ರಿ.ಪೂ. 219ರಿಂದ ಬೆಟ್ಟಗಳ ಮೇಲೆ ಕಲ್ಲು ನಿಲ್ಲಿಸಿದ. ಅದರ ಧ್ವನಿಯೇ ಬೇರೆ. ಅಳತೆ, ತೂಕ, ಲಿಪಿ ಎಲ್ಲ ಒಂದಾಯಿತು, ಮನುಷ್ಯರ ಹೆಜ್ಜೆ ಬೀಳುವ ಕಡೆಯೆಲ್ಲ ಇರುವವರು ಇವನ ಪ್ರಜೆಗಳೇ ಎಂಬ ಹೊಗಳಿಕೆ ಅಲ್ಲಿದೆ. ಅಶೋಕ ‘ನಾನು’ ಎಂದು ಮಾತಾಡುತ್ತಾನೆ, ಬೇಸರ ಪಡುತ್ತಾನೆ. ಚಿನ್ ಕಲ್ಲುಗಳಲ್ಲಿ ಮಾತಾಡುವವರು ಹೊಗಳುವ ಅಧಿಕಾರಿಗಳು. ಈ ವ್ಯತ್ಯಾಸವನ್ನು ಕಾರಣದ ಕಾಲಮ್ಮಿನಲ್ಲಿ ಬರೆಯಿರಿ.

ಹೆಜ್ಜೆ 4: ಆ ಮಾತು ಎಲ್ಲಿ ಇಲ್ಲ ಎಂದು ನೋಡಿ

ಇದನ್ನು ಬಿಟ್ಟರೆ ಉಳಿದ ಓದು ಅರ್ಧ ಆಗುತ್ತದೆ.

ಕಳಿಂಗ ಯುದ್ಧದ ಪಶ್ಚಾತ್ತಾಪ ಎಲ್ಲರಿಗೂ ಗೊತ್ತು. ಅದು ಹದಿಮೂರನೇ ಬಂಡೆ ಶಾಸನದಲ್ಲಿದೆ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಎಬ್ಬಿಸಿ ಒಯ್ದರು, ಅದಕ್ಕೂ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು ಎಂದು ಅಶೋಕನೇ ಹೇಳುತ್ತಾನೆ. ಸೌರಾಷ್ಟ್ರದ ಗಿರ್ನಾರ್‌ನಲ್ಲಿ ಈ ಶಾಸನ ಇದೆ. ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿ ಇದೆ. ಕಳಿಂಗದಲ್ಲಿ ಇಲ್ಲ. ಒಡಿಶಾದ ಧೌಲಿ ಮತ್ತು ಜೌಗಢ ಬಂಡೆಗಳಲ್ಲಿ ಅದನ್ನು ಕೈಬಿಟ್ಟು ಬೇರೆ ಎರಡು ಶಾಸನ ಹಾಕಿದ್ದಾರೆ. ಅವು ಅಲ್ಲಿನ ಅಧಿಕಾರಿಗಳಿಗೆ ಬರೆದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಯಾರನ್ನೂ ಸುಮ್ಮಸುಮ್ಮನೆ ಸೆರೆಗೆ ಹಾಕಬೇಡಿ ಎಂಬ ಮಾತು ಅಲ್ಲಿದೆ.

ಅಂದರೆ, ಕೊಂದ ಲೆಕ್ಕ ಮತ್ತು ಪಶ್ಚಾತ್ತಾಪ ದೂರದವರಿಗೆ. ಗಾಯ ಆದವರ ಊರಿನಲ್ಲಿ ಮಾತ್ರ ಅದರ ಸುದ್ದಿ ಇಲ್ಲ. ಯಾಕೆ? ಗಾಯ ಕೆದಕುವುದು ಬೇಡ ಎಂದಿರಬಹುದು. ದಂಗೆಯ ಭಯ ಇದ್ದಿರಬಹುದು. ಕಲ್ಲು ಉತ್ತರ ಕೊಡುವುದಿಲ್ಲ. ಪ್ರಶ್ನೆಯನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಡಿ. ಅದೇ ಹದಿಮೂರನೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ: ಪಶ್ಚಾತ್ತಾಪ ಇದ್ದರೂ ಶಿಕ್ಷಿಸುವ ಶಕ್ತಿ ಇದೆ ಎಂದು. ಶಾಲೆಯಲ್ಲಿ ಕಲಿತ ಅಶೋಕನಿಗಿಂತ ಈ ಅಶೋಕ ನನಗೆ ಹೆಚ್ಚು ನಿಜ ಅನಿಸುತ್ತಾನೆ. ಅವನ ದುಃಖ ಸುಳ್ಳಲ್ಲ ಎಂದೇ ನಾನು ನಂಬುತ್ತೇನೆ. ಆದರೆ ಅವನು ಕೊನೆಯವರೆಗೂ ಅರಸನೇ.

ಹೆಜ್ಜೆ 5: ಆಮೇಲೆ ಬಂದವರ ಕಥೆಯನ್ನು ತೂಗಿ

ಚಿನ್ ಬಗ್ಗೆ ನಮಗೆ ಗೊತ್ತಿರುವ ಹೆಚ್ಚಿನ ಕಥೆಗಳು ಚೀನಾದ ಇತಿಹಾಸಕಾರ ಸಿಮಾ ಚಿಯೆನ್ ಬರೆದವು. ಅವರು ಬರೆದದ್ದು ಸುಮಾರು ನೂರು ವರ್ಷ ಆದ ಮೇಲೆ, ಚಿನ್ ಬಿದ್ದ ಜಾಗದಲ್ಲಿ ಎದ್ದ ಹಾನ್ ವಂಶದ ಆಳ್ವಿಕೆಯಲ್ಲಿ. ಹಳೆಯ ವಂಶ ಕೆಟ್ಟದ್ದಾಗಿದ್ದಷ್ಟೂ ಹೊಸದಕ್ಕೆ ಒಳ್ಳೆಯದು, ಅಲ್ವಾ? ಜೊತೆಗೆ ಸಿಮಾ ಚಿಯೆನ್ ತಾವೇ ನೊಂದವರು. ಸೋತು ಶರಣಾದ ಸೇನಾಪತಿಯೊಬ್ಬನ ಪರವಾಗಿ ಮಾತಾಡಿದ್ದಕ್ಕೆ ಹಾನ್ ಸಾಮ್ರಾಟ ಅವರ ಪುರುಷತ್ವ ತೆಗೆಸಿದ. ಅಂಥವರು ಕ್ರೂರ ಅರಸರ ಬಗ್ಗೆ ಬರೆಯುವಾಗ ಹಳೆಯವನನ್ನು ನೆನೆಯುತ್ತಿದ್ದಾರೋ, ತಮ್ಮ ಅರಸನನ್ನೋ ಎಂಬ ಪ್ರಶ್ನೆ ಇಟ್ಟುಕೊಂಡು ಓದಿ.

ತುಂಬಾ ಚೆಂದವಾಗಿ ಕೂರುವ ಕಥೆ ಕಂಡರೆ ಇನ್ನೂ ಹುಷಾರಾಗಿ. ಚಿನ್‌ನ ಕಠಿಣ ಕಾನೂನುಗಳನ್ನು ಮಾಡಿದವನು ಷಾಂಗ್ ಯಾಂಗ್. ಅವನು ತಲೆತಪ್ಪಿಸಿಕೊಂಡು ಓಡುವಾಗ ಒಂದು ಛತ್ರಕ್ಕೆ ಹೋದನಂತೆ. ಗುರುತು ಇಲ್ಲದವರನ್ನು ಇಟ್ಟುಕೊಂಡರೆ ಷಾಂಗ್ ಯಾಂಗ್‌ನ ಕಾನೂನಿನಂತೆ ನಮಗೇ ಶಿಕ್ಷೆ ಎಂದು ಛತ್ರದವನು ಜಾಗ ಕೊಡಲಿಲ್ಲವಂತೆ. ನೀತಿಕಥೆಯ ಹಾಗಿದೆ. ಇಂಥದ್ದನ್ನು ನಾನು ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ.

ಚಿನ್ ಶಿಹುವಾಂಗ್ ಪುಸ್ತಕ ಸುಡಿಸಿದ ಕಥೆಯನ್ನೂ ಹೀಗೇ ಬಿಡಿಸಿ ಓದಿ. ಕ್ರಿ.ಪೂ. 213ರಲ್ಲಿ ಮಂತ್ರಿ ಲಿ ಸಿ ಸಲಹೆ ಕೊಟ್ಟ. ವೈದ್ಯ, ಶಕುನ, ಬೇಸಾಯದ ಪುಸ್ತಕ ಸುಡಬೇಕಿಲ್ಲ. ಬೇರೆ ರಾಜ್ಯಗಳ ಇತಿಹಾಸ ಸುಡಬೇಕು. ಹಳೆಯ ಕಾಲವನ್ನು ತೋರಿಸಿ ಈಗಿನದನ್ನು ಟೀಕಿಸಿದವರಿಗೆ ಕುಟುಂಬ ಸಮೇತ ಸಾವು. ಯಾವುದನ್ನು ಸುಡಲಿಲ್ಲ ಎಂಬ ಪಟ್ಟಿ ನೋಡಿದರೆ ಅಧಿಕಾರ ಯಾವುದಕ್ಕೆ ಹೆದರುತ್ತಿತ್ತು ಎಂದು ಗೊತ್ತಾಗುತ್ತದೆ.

ಹೆಜ್ಜೆ 6: ಕಚೇರಿಯ ಕಡತ ಹುಡುಕಿ

ಅರಸನ ಹೊಗಳಿಕೆ ಒಂದು ಕಡೆ, ವಿರೋಧಿಯ ದೂರು ಇನ್ನೊಂದು ಕಡೆ. ಎರಡರ ನಡುವೆ ಸಿಕ್ಕಿಕೊಂಡಾಗ ಗುಮಾಸ್ತನ ಲೆಕ್ಕದ ಪುಸ್ತಕ ಹುಡುಕಿ. ಅದು ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಬೇಕು ಅಂತ ಬರೆದದ್ದು.

1975ರಲ್ಲಿ ಚೀನಾದ ಹುಬೇ ಪ್ರಾಂತ್ಯದ ಷುಯಿಹುದಿ ಎಂಬಲ್ಲಿ ಒಂದು ಸಮಾಧಿ ಸಿಕ್ಕಿತು. ಕ್ರಿ.ಪೂ. 217ರಲ್ಲಿ ಹೂತ ಷಿ ಎಂಬ ಸ್ಥಳೀಯ ಅಧಿಕಾರಿ ಅದರಲ್ಲಿದ್ದ. ದೇಹದ ಸುತ್ತ 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು. ಹೆಚ್ಚಿನವು ಚಿನ್ ಕಾನೂನು ಮತ್ತು ಆಡಳಿತದ ನಿಯಮಗಳು. ಮೊದಲು ಹೇಳಿದ ಅಣ್ಣತಮ್ಮಂದಿರ ಪತ್ರಗಳು ಸಿಕ್ಕಿದ್ದೂ ಅದೇ ಜಾಗದ ಇನ್ನೊಂದು ಸಮಾಧಿಯಲ್ಲಿ.

ಈಗ ನೋಡಿ, ಎರಡು ಸಾಕ್ಷಿ ಹೇಗೆ ಡಿಕ್ಕಿ ಹೊಡೆಯುತ್ತವೆ. ಸಿಮಾ ಚಿಯೆನ್ ಪ್ರಕಾರ ಕ್ರಿ.ಪೂ. 209ರಲ್ಲಿ 900 ಜನರನ್ನು ಗಡಿ ಕಾವಲಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಜೋರು ಮಳೆ. ಹೇಳಿದ ದಿನಕ್ಕೆ ಮುಟ್ಟಲು ಆಗುವುದಿಲ್ಲ. ತಡವಾದರೆ ಮರಣದಂಡನೆ. ಹೇಗಿದ್ದರೂ ಸಾವೇ ಎಂದು ಚೆನ್ ಷೆಂಗ್ ಮತ್ತು ವು ಗುವಾಂಗ್ ಬಂಡೆದ್ದರು. ಚಿನ್ ಪತನ ಅಲ್ಲಿಂದ ಶುರು.

ಷುಯಿಹುದಿಯ ಪಟ್ಟಿಗಳು ಬೇರೆಯೇ ಹೇಳುತ್ತವೆ. ಸರ್ಕಾರಿ ದುಡಿಮೆಗೆ ಮೂರರಿಂದ ಐದು ದಿನ ತಡವಾದರೆ ಬೈಗುಳ. ಆರರಿಂದ ಹತ್ತು ದಿನವಾದರೆ ಒಂದು ಗುರಾಣಿಯ ಬೆಲೆ ದಂಡ. ಹತ್ತು ದಿನ ದಾಟಿದರೆ ಒಂದು ಕವಚದ ಬೆಲೆ. ಮಳೆ ಬಂದರೆ ಆ ದುಡಿಮೆಗೆ ವಿನಾಯಿತಿ.

ಹಾಗಾದರೆ ಸಿಮಾ ಚಿಯೆನ್ ಸುಳ್ಳು ಹೇಳಿದರಾ? ಅವಸರ ಬೇಡ. ಪಟ್ಟಿಯಲ್ಲಿರುವುದು ಕಟ್ಟಡ, ಗೋಡೆ ಇಂಥ ದುಡಿಮೆಯ ನಿಯಮ. ಚೆನ್ ಷೆಂಗ್ ಹೋಗುತ್ತಿದ್ದದ್ದು ಗಡಿ ಕಾವಲಿಗೆ. ಸೈನ್ಯದ ನಿಯಮ ಬೇರೆ ಇದ್ದಿರಬಹುದು. ಬಂಡಾಯಕ್ಕೆ ಜನರನ್ನು ಎಬ್ಬಿಸಲು ನಾಯಕರೇ ಭಯವನ್ನು ದೊಡ್ಡದು ಮಾಡಿರಬಹುದು. ಇಂಥ ಕಡೆ ತೀರ್ಪು ಕೊಡದೆ ಮೂರೂ ಸಾಧ್ಯತೆ ಬರೆದಿಡುವುದು ಒಳ್ಳೆಯ ಅಭ್ಯಾಸ.

ಅದೇ ಪಟ್ಟಿಗಳಲ್ಲಿ ಸರ್ಕಾರಕ್ಕೆ ದುಡಿಯುವ ಗಂಡಾಳಿಗೆ ತಿಂಗಳಿಗೆ ಎರಡು ‘ಷಿ’ ಅಳತೆಯ ಧಾನ್ಯ, ಹೆಣ್ಣಾಳಿಗೆ ಒಂದೂವರೆ ಎಂದಿದೆ. ಒಂದು ಷಿ ಎಂದರೆ ಸುಮಾರು 20 ಲೀಟರ್. ಮೂರನೇ ಕಾಲಮ್ ಈಗ ತುಂಬತೊಡಗಿತು.

ಅಶೋಕನ ಕಡೆ ಇಂಥ ಕಡತ ಉಳಿದಿಲ್ಲ. ಆದರೆ ಒಂದು ಸಹಿ ಉಳಿದಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿ. ‘ಲಿಪಿಕಾರ’ ಎಂಬ ಅರ್ಥದ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ದೂರದ ವಾಯವ್ಯ ದಿಕ್ಕಿನ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಅಷ್ಟು ದೂರದ ಲಿಪಿ ಕಲಿತವನೊಬ್ಬ ನಮ್ಮ ಬಂಡೆಯ ಮುಂದೆ ಕೂತು, ಅರಸನ ಮಾತು ಮುಗಿಸಿ, ತನ್ನ ಗುರುತನ್ನು ಆ ಲಿಪಿಯಲ್ಲಿ ಬಿಟ್ಟು ಹೋದ. ಸಾಮ್ರಾಜ್ಯ ಎಷ್ಟು ಅಗಲವಿತ್ತು ಎಂದು ನಕ್ಷೆಗಿಂತ ಚೆನ್ನಾಗಿ ಈ ಒಂದು ಪದ ಹೇಳುತ್ತದೆ.

ಹೆಜ್ಜೆ 7: ತತ್ವಜ್ಞಾನಿ ಯಾರ ಅನ್ನ ತಿನ್ನುತ್ತಿದ್ದ?

ತತ್ವವನ್ನು ಕೀಳು ಮಾಡಲು ಈ ಪ್ರಶ್ನೆಯಲ್ಲ. ಒಂದು ವಿಚಾರ ಯಾವ ಮನೆಯಲ್ಲಿ, ಯಾವ ಭಯದಲ್ಲಿ ಹುಟ್ಟಿತು ಎಂದು ತಿಳಿದರೆ ಅದು ಇನ್ನೂ ಸ್ಪಷ್ಟವಾಗುತ್ತದೆ.

ಕನ್ಫ್ಯೂಷಿಯಸ್ ಹೇಳಿದ್ದು: ಶಿಕ್ಷೆಯಿಂದ ಆಳಿದರೆ ಜನ ತಪ್ಪಿಸಿಕೊಳ್ಳಲು ಕಲಿಯುತ್ತಾರೆ, ನಾಚಿಕೆ ಕಲಿಯುವುದಿಲ್ಲ. ಆಮೇಲೆ ಬಂದ ಚಿಂತಕ ಹಾನ್ ಫೇ ಇದನ್ನು ಒಪ್ಪಲಿಲ್ಲ. ಒಳ್ಳೆಯ ಅರಸನಿಗೆ ಕಾಯುತ್ತಾ ಕೂತರೆ ಆಗದು, ಸಾಧಾರಣ ಅರಸನೂ ನಡೆಸಬಹುದಾದ ಕಾನೂನು ಬೇಕು ಎಂದ. ಅವನು ಸೋಲುತ್ತಿದ್ದ ಒಂದು ಸಣ್ಣ ರಾಜ್ಯದ ರಾಜವಂಶದವನು, ಮಾತು ತೊದಲುತ್ತಿತ್ತು, ಅದಕ್ಕೇ ಬರೆದ. ತನ್ನ ರಾಜ್ಯ ಕುಸಿಯುವುದನ್ನು ನೋಡುತ್ತಾ ಬರೆದವನ ಮಾತಿದು. ಕ್ರಿ.ಪೂ. 233ರಲ್ಲಿ ಚಿನ್‌ನ ಸೆರೆಯಲ್ಲಿ ಸತ್ತ. ವಿಷ ಕಳಿಸಿದವನು ಲಿ ಸಿ ಎಂದು ಸಿಮಾ ಚಿಯೆನ್ ಬರೆಯುತ್ತಾರೆ. ಇಬ್ಬರೂ ಷುನ್‌ಜಿ ಎಂಬ ಒಬ್ಬನೇ ಗುರುವಿನ ಶಿಷ್ಯರು. ಲಿ ಸಿಯನ್ನು ಕ್ರಿ.ಪೂ. 208ರಲ್ಲಿ ಅದೇ ಚಿನ್ ಅರಮನೆ ಕೊಲ್ಲಿಸಿತು.

ನಮ್ಮ ಕಡೆ ಎಲ್ಲರೂ ಕೈಗೆತ್ತಿಕೊಳ್ಳುವುದು ಕೌಟಿಲ್ಯನ ‘ಅರ್ಥಶಾಸ್ತ್ರ’. ಅದರ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಯಿತು. ನಮಗೆ ಹೆಮ್ಮೆಯ ಸಂಗತಿ. ಆದರೆ ಓದುವಾಗ ಎರಡು ಎಚ್ಚರ ಇರಲಿ. ಈಗ ಹಲವು ವಿದ್ವಾಂಸರು ಅದು ನಮಗೆ ಸಿಕ್ಕಿರುವ ರೂಪದಲ್ಲಿ ಮೌರ್ಯರ ನಂತರದ್ದು ಎನ್ನುತ್ತಾರೆ. ಮತ್ತೆ ಅದು ಹೀಗೆ ಆಳಬೇಕು ಎನ್ನುವ ಪುಸ್ತಕ. ಹೀಗೆ ಆಳಿದರು ಎಂಬುದಕ್ಕೆ ಸಾಕ್ಷಿ ಅಲ್ಲ. ಕಾರಣದ ಕಾಲಮ್ಮಿನಲ್ಲಿ ಹಾಕಿ, ಹೊರೆಯ ಕಾಲಮ್ಮಿನಲ್ಲಿ ಬೇಡ.

ಹೆಜ್ಜೆ 8: ಪದಗಳ ಬೆನ್ನು ಹತ್ತಿ

ಒಂದು ಪುಟವನ್ನು ಪದಗಳಿಗೇ ಇಡಿ. ಚೀನೀ ಪದ ‘ಫಾ’ ಎಂದರೆ ಕಾನೂನು. ಅದೇ ಪದಕ್ಕೆ ಮಾನದಂಡ, ಅಳತೆಯ ಮಾದರಿ ಎಂಬ ಅರ್ಥವೂ ಇದೆ. ತೂಕದ ಬಟ್ಟು, ಗಾಡಿಯ ಅಚ್ಚಿನ ಅಗಲ ಎಲ್ಲವನ್ನೂ ಒಂದೇ ಮಾಡಿದ ರಾಜ್ಯ ಮನುಷ್ಯರನ್ನೂ ಅದೇ ಕಣ್ಣಿನಿಂದ ನೋಡಿತು ಎಂದು ಆಗ ಹೊಳೆಯುತ್ತದೆ. ಅಶೋಕನ ‘ಧಮ್ಮ’ ಎಂದರೆ ಬೌದ್ಧ ಧರ್ಮವೇ? 1958ರಲ್ಲಿ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಯ ಅಶೋಕ ಶಾಸನ ಸಿಕ್ಕಿತು. ಅಲ್ಲಿ ಧಮ್ಮಕ್ಕೆ ಕೊಟ್ಟ ಗ್ರೀಕ್ ಪದ ‘ಯೂಸೆಬಿಯಾ’, ಅಂದರೆ ಭಯಭಕ್ತಿ. ಅಶೋಕನ ಕಾಲದಲ್ಲೇ ಆದ ಅನುವಾದ ಇದು, ನಮ್ಮ ಊಹೆಗಿಂತ ತೂಕದ್ದು.

ನಮ್ಮದೇ ಮಾತಿನಲ್ಲೂ ಇಂಥ ಪದ ಇದೆ. ‘ಬಿಟ್ಟಿ’. ಇವತ್ತು ಪುಕ್ಕಟೆ ಎಂದು ಬಳಸುತ್ತೇವೆ. ಅದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ಅರಸನಿಗೆ, ಊರ ದೊಡ್ಡವರಿಗೆ ಕೂಲಿ ಇಲ್ಲದೆ ಮಾಡಬೇಕಿದ್ದ ಬಲವಂತದ ದುಡಿಮೆ. ಪಡೆದವನಿಗೆ ಪುಕ್ಕಟೆ, ಮಾಡಿದವನಿಗಲ್ಲ. ‘ಬಿಟ್ಟಿ ಚಾಕರಿ’ ಎನ್ನುವಾಗ ಹಳೆಯ ಅರ್ಥ ಇನ್ನೂ ಬದುಕಿದೆ.

ಹೆಜ್ಜೆ 9: ಈಗ ಹೋಲಿಸಿ, ಆದರೆ ನಿಧಾನ

ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ: ಕ್ರೂರಿ ಚಿನ್ ಬೇಗ ಬಿತ್ತು, ದಯಾಳು ಅಶೋಕ ಉಳಿದ. ಪರೀಕ್ಷಿಸಿ ನೋಡಿ. ಚಿನ್ ಸಾಮ್ರಾಜ್ಯ ಉಳಿದದ್ದು ಬರೀ 15 ವರ್ಷ, ನಿಜ. ಆದರೆ ಅದರ ಜಿಲ್ಲೆ, ತಾಲ್ಲೂಕುಗಳ ಆಡಳಿತವನ್ನು ಹಾನ್ ವಂಶ ಬಹುಪಾಲು ಹಾಗೇ ಎತ್ತಿಕೊಂಡು ಸುಮಾರು 400 ವರ್ಷ ಆಳಿತು. ಬಾಯಲ್ಲಿ ಕನ್ಫ್ಯೂಷಿಯಸ್, ಕಚೇರಿಯಲ್ಲಿ ಚಿನ್. ಮೌರ್ಯರು ಅಶೋಕ ಸತ್ತು ಐವತ್ತು ವರ್ಷದ ಒಳಗೆ ಹೋದರು. ಅವನ ಲಿಪಿಯನ್ನು ಓದಬಲ್ಲವರೇ ಇಲ್ಲದಾಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತೆ ಓದಿದರು. ಉಳಿಯುವುದು ಎಂದರೆ ಏನು ಎಂದು ಮೊದಲು ತೀರ್ಮಾನಿಸದೆ ಈ ಹೋಲಿಕೆ ಮಾಡಲು ಬರುವುದಿಲ್ಲ.

ಇನ್ನೊಂದು ಗುಂಡಿ ಇದೆ. ಒಂದು ಕಡೆ ನಮಗೆ ಸಿಕ್ಕಿರುವುದು ಅರಸನ ಕಲ್ಲು. ಇನ್ನೊಂದು ಕಡೆ ಗುಮಾಸ್ತನ ಬಿದಿರು. ಮೌರ್ಯರ ಕಚೇರಿಯ ಕಡತ ಸಿಕ್ಕಿದ್ದರೆ ಅಲ್ಲಿಯೂ ದಂಡದ ಪಟ್ಟಿ ಇರುತ್ತಿತ್ತೇನೋ. ಸಾಕ್ಷಿ ಸಮ ಇಲ್ಲದಿರುವಾಗ ತೀರ್ಪೂ ಸಮ ಇರುವುದಿಲ್ಲ ಎಂದು ಹೋಲಿಕೆಯ ಪುಟದ ತಲೆಯಲ್ಲೇ ಬರೆದುಕೊಳ್ಳಿ.

ಹೆಜ್ಜೆ 10: ಎರಡು ಪುಟ ಬರೆದು ಮುಂದಿನ ಕಿಟಕಿಗೆ ಹೋಗಿ

ಎರಡು ತಿಂಗಳಾದ ಮೇಲೆ ಪುಸ್ತಕ ಮುಚ್ಚಿ, ಕನ್ನಡದಲ್ಲೇ ಎರಡು ಪುಟ ಬರೆಯಿರಿ. ಮನೆಯವರಿಗೆ ಓದಿ ಹೇಳಿ. ಅವರು ಎಲ್ಲಿ ಪ್ರಶ್ನೆ ಕೇಳುತ್ತಾರೋ ಅಲ್ಲಿ ನಿಮಗೆ ಇನ್ನೂ ಪೂರ್ತಿ ತಿಳಿದಿಲ್ಲ ಎಂದರ್ಥ.

ಆಮೇಲೆ ಹೊಸ ಕಿಟಕಿ. ವಿಚಾರವಂತನಿಂದ ಶುರು ಮಾಡಬೇಕು ಅನಿಸಿದರೆ ಇಬ್ನ್ ಖಲ್ದೂನ್. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿ, ಹಲವು ಆಸ್ಥಾನಗಳಲ್ಲಿ ದುಡಿದು, ಸೆರೆಮನೆಯನ್ನೂ ಕಂಡು, ಈಗಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಕೂತು 1377ರಲ್ಲಿ ಸಮಾಜದ ಏಳುಬೀಳಿನ ಬಗ್ಗೆ ಬರೆದರು. ವಂಶದ ಶುರುವಿನಲ್ಲಿ ತೆರಿಗೆಯ ದರ ಕಡಿಮೆ, ಬರುವ ಹಣ ಜಾಸ್ತಿ. ಕೊನೆಗಾಲದಲ್ಲಿ ದರ ಜಾಸ್ತಿ, ಬರುವ ಹಣ ಕಡಿಮೆ ಎಂದು ಅವರು ಕಂಡುಕೊಂಡರು.

ನನ್ನನ್ನು ಕೇಳಿದರೆ ಹೈಟಿ ತೆಗೆದುಕೊಳ್ಳಿ. ಹದಿನೆಂಟನೇ ಶತಮಾನದಲ್ಲಿ ಕೆರಿಬಿಯನ್‌ನ ಈ ನಾಡು ಫ್ರಾನ್ಸಿನ ಸಕ್ಕರೆ ವಸಾಹತು. ಆಜ್ಞೆಯ ಕಾಲಮ್ಮಿನಲ್ಲಿ 1685ರ ಗುಲಾಮರ ಕಾನೂನು. ಕಾರಣದ ಕಾಲಮ್ಮಿನಲ್ಲಿ 1789ರ ಪ್ಯಾರಿಸ್ಸಿನ ಮಾನವ ಹಕ್ಕುಗಳ ಘೋಷಣೆ. ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರು ಎಂದು ಅದು ಹೇಳಿದಾಗಲೂ ಹೈಟಿಯ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿಯುತ್ತಲೇ ಇದ್ದರು. 1791ರಲ್ಲಿ ಅವರು ಎದ್ದರು. 1804ರಲ್ಲಿ ಸ್ವತಂತ್ರ ದೇಶವಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ, ಸ್ವಾತಂತ್ರ್ಯವನ್ನು ಒಪ್ಪಬೇಕಾದರೆ ಕಳೆದುಹೋದ ಆಸ್ತಿಗೆ ಪರಿಹಾರ ಕೊಡಿ ಎಂದಿತು. ಆ ಆಸ್ತಿಯಲ್ಲಿ ಒಮ್ಮೆ ಗುಲಾಮರಾಗಿದ್ದ ಹೈಟಿಯ ಜನರೂ ಸೇರಿದ್ದರು. ಮೂರನೇ ಕಾಲಮ್ಮಿನ ಮೊದಲ ಸಾಲಿನಲ್ಲಿ ಆ ಮೊತ್ತ ಬರೆಯಿರಿ: 15 ಕೋಟಿ ಫ್ರಾಂಕ್.